ಪಿಕಪ್ ತಪ್ಪಿದ ಹಳೆಯ ಟರ್ಬೊ ಗಾಡಿ: ದೋಷವನ್ನು ಅರಸುವ ಕ್ರಮ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ನಿಲಂಗಾ, ಉಮರ್ಗಾ, ಉದಗೀರ ಭಾಗದ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಹೊರೆ ಹೊತ್ತ ಟ್ರಾಲಿಗಳನ್ನೆಳೆದುಕೊಂಡು ಟ್ರ್ಯಾಕ್ಟರುಗಳು ನಿಧಾನವಾಗಿ ಸಾಗುತ್ತಿರುತ್ತವೆ. ಹಿಂದೆ ಬರುವ ಹಳೆಯ ಡೀಸೆಲ್ ಕಾರಿನ ಚಾಲಕನು ಎದುರಿನ ದಾರಿ ತೆರವಾಗಿರುವುದನ್ನು ನೋಡಿ ಎಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತುತ್ತಾನೆ. ಗಾಡಿ ಮುನ್ನುಗ್ಗುವುದಿಲ್ಲ, ಉಸಿರು ಕಟ್ಟಿದಂತೆ ತಡವರಿಸಿ, ಅನಂತರ ನಿಧಾನವಾಗಿ ವೇಗ ಹಿಡಿಯುತ್ತದೆ. ಆಡುಮಾತಿನಲ್ಲಿ ಇದಕ್ಕೆ ‘ಪಿಕಪ್ ಇಲ್ಲ’ ಎನ್ನುತ್ತಾರೆ.

ಈ ತಡವರಿಕೆಯ ಬೆಲೆಯನ್ನು ಶಾಲೆಯ ಮಕ್ಕಳೂ ಲೆಕ್ಕ ಹಾಕಬಲ್ಲರು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಎದುರಿನ ವಾಹನದ ವೇಗವೂ ಅಷ್ಟೇ ಆಗಿದ್ದರೆ ಎರಡರ ನಡುವಿನ ಅಂತರ ಪ್ರತಿ ಸೆಕೆಂಡಿಗೆ 33 ಮೀಟರ್ ಕಡಿಮೆಯಾಗುತ್ತದೆ. ಮೂರು ಸೆಕೆಂಡು ಗಾಡಿ ತಡವರಿಸಿತೆಂದರೆ ನೂರು ಮೀಟರ್ ದಾರಿ ಕೈತಪ್ಪಿದಂತೆ. ಆದ್ದರಿಂದ ದೋಷವು ಸಿಗುವವರೆಗೆ ಇಂಥ ಗಾಡಿಯಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕುವ ಸಾಹಸ ಮಾಡಬಾರದು.

ದೋಷವನ್ನು ಅರಸುವ ಮೊದಲು ಟರ್ಬೊದ ಕೆಲಸವನ್ನು ತಿಳಿಯಬೇಕು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ದೊರೆತಾಗ ಹೆಚ್ಚು ಇಂಧನ ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಈ ಯುಕ್ತಿಯು ಇಂದು ಹಳ್ಳಿಯ ಜೀಪಿನಲ್ಲಿಯೂ ಇದೆ. ಚಿಕ್ಕ ಕಾರಿನ ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಬಲ್ಲದು. ಅದರ ದಂಡವನ್ನು ಕಾಯುವುದು ಆಯಿಲ್‌ನ ತೆಳುಪದರ ಮಾತ್ರ.

ಪಿಕಪ್ ತಪ್ಪಿತೆಂದೊಡನೆ ‘ಟರ್ಬೊ ಹೋಗಿದೆ’ ಎಂಬ ತೀರ್ಪು ಹೊರಬೀಳುವುದುಂಟು. ಹೊಸ ಟರ್ಬೊ ದುಬಾರಿ ವಸ್ತು. ಅದನ್ನು ಬದಲಿಸಿದ ಮೇಲೂ ತಡವರಿಕೆ ಉಳಿದರೆ ಮನೆಯ ಹಣವೂ ಹೋಯಿತು, ದೋಷವೂ ಹೋಗಲಿಲ್ಲ. ಆದಕಾರಣ ಕಡಿಮೆ ಖರ್ಚಿನ ಪರೀಕ್ಷೆಯಿಂದ ಆರಂಭಿಸುವುದೇ ಸರಿಯಾದ ಕ್ರಮ.

ಮೊದಲು ಲಕ್ಷಣವನ್ನು ಗುರುತಿಸಬೇಕು. ಎಂಜಿನ್ ಕಡಿಮೆ ಸುತ್ತಿನಲ್ಲಿದ್ದಾಗ ಮೇಲಿನ ಗೇರಿನಲ್ಲಿ ಒತ್ತಿದರೆ ಯಾವ ಟರ್ಬೊ ಗಾಡಿಯೂ ಕೊಂಚ ತಡೆಯುತ್ತದೆ. ಅದು ದೋಷವಲ್ಲ, ಗೇರು ಇಳಿಸಬೇಕಷ್ಟೆ. ಎಂಜಿನ್ನಿನ ಸದ್ದು ಏರಿದರೂ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದು ಸಂಶಯಿಸಬೇಕು. ಎರಡೂ ಏರದೆ ತಡವರಿಸಿದರೆ ಮಾತ್ರ ಗಾಳಿ ಮತ್ತು ಇಂಧನದ ದಾರಿಯನ್ನು ನೋಡಬೇಕು.

ಆಗ ಹೊಗೆಯೇ ಮೊದಲ ಸಾಕ್ಷಿ. ಜೋರಾಗಿ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಇಂಧನಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲವೆಂದು ಅರ್ಥ. ಹೊಗೆಯಿಲ್ಲದೆ ಶಕ್ತಿ ಕುಂದಿದರೆ ಇಂಧನದ ಕೊರತೆಯನ್ನು ಶಂಕಿಸಬಹುದು. ನೀಲಿ ಹೊಗೆಯು ಆಯಿಲ್ ಉರಿಯುತ್ತಿರುವುದರ ಗುರುತು. ಇದು ಬಂದರೆ ಗಾಡಿಯನ್ನು ಓಡಿಸದೆ ನಿಲ್ಲಿಸುವುದೇ ಲೇಸು. ಟರ್ಬೊದಿಂದ ಸೋರಿದ ಆಯಿಲ್ಲನ್ನೇ ಉರಿಸಿಕೊಂಡು ಡೀಸೆಲ್ ಎಂಜಿನ್ ಕೀಲಿ ತೆಗೆದರೂ ನಿಲ್ಲದೆ ಓಡುವ ಅಪಾಯವುಂಟು.

ಕಪ್ಪು ಹೊಗೆಯ ಗಾಡಿಯಲ್ಲಿ ಮೊದಲು ಏರ್ ಫಿಲ್ಟರನ್ನು ತೆರೆದು ನೋಡಬೇಕು. ಕರಿಮಣ್ಣಿನ ಹೊಲದ ದಾರಿಯ ಧೂಳು ಅದನ್ನು ಬೇಗನೆ ಮುಚ್ಚುತ್ತದೆ. ಕಂಪನಿಯ ಕೈಪಿಡಿಯ ಅವಧಿಗಿಂತ ಮುಂಚೆಯೇ ಬದಲಿಸಬೇಕಾಗಬಹುದು. ಅನಂತರ ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ರಬ್ಬರ್ ಹೋಸುಗಳ ಸರದಿ. ಹಳೆಯ ಗಾಡಿಗಳಲ್ಲಿ ಇವು ಬಿರಿಯುವುದು ಸಾಮಾನ್ಯ. ನಿಂತ ಗಾಡಿಯಲ್ಲಿ ಬಿರುಕು ಮುಚ್ಚಿಕೊಂಡಿರುತ್ತದೆ. ಒತ್ತಡ ಏರಿದಾಗ ಮಾತ್ರ ಬಾಯಿ ತೆರೆದು ಗಾಳಿ ಸೋರುತ್ತದೆ. ಜೋರಾಗಿ ಒತ್ತಿದಾಗಲೇ ತಡವರಿಕೆ ಕಾಣಿಸುವುದಕ್ಕೆ ಇದೂ ಒಂದು ಕಾರಣ. ಎಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಹೋಸನ್ನು ಬಗ್ಗಿಸಿ ಕೆಳಮೈಯನ್ನು ನೋಡಬೇಕು. ಜಿಡ್ಡಿನ ಗೆರೆ, ಸಡಿಲವಾದ ಕ್ಲಿಪ್, ಓಡುವಾಗ ಕೇಳಿಬರುವ ಸುಯ್ಯೆಂಬ ಸದ್ದು—ಇವೆಲ್ಲ ಸೋರಿಕೆಯ ಕುರುಹುಗಳು.

ಹೊಗೆಯಿಲ್ಲದ ಗಾಡಿಯಲ್ಲಿ ಡೀಸೆಲ್ ಫಿಲ್ಟರಿನ ವಿಚಾರಣೆ ಮೊದಲು. ನಿಧಾನ ಓಟಕ್ಕೆ ಬೇಕಾದ ಇಂಧನವು ಅರ್ಧ ಕಟ್ಟಿದ ಫಿಲ್ಟರಿನಿಂದಲೂ ಬರುತ್ತದೆ. ಪೂರ್ತಿ ಒತ್ತಿದಾಗ ಮಾತ್ರ ಸಾಲದಾಗುತ್ತದೆ. ಫಿಲ್ಟರಿನ ಅಡಿಯಲ್ಲಿ ಸೇರಿದ ನೀರನ್ನೂ ಆಗಾಗ ತೆಗೆಯಬೇಕು.

ಕೆಲವೊಮ್ಮೆ ಪಿಕಪ್ ಹಠಾತ್ತನೆ ಕುಂದಿ, ಗಾಡಿಯನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಸರಿಹೋಗುತ್ತದೆ. ಎಂಜಿನ್ನಿನ ಕಂಪ್ಯೂಟರು ಅಪಾಯವನ್ನು ಶಂಕಿಸಿ ತಾನೇ ಶಕ್ತಿಯನ್ನು ತಗ್ಗಿಸಿರುವುದರ ಲಕ್ಷಣವಿದು. ಟರ್ಬೊದ ಒತ್ತಡವನ್ನು ನಿಯಂತ್ರಿಸುವ ಕವಾಟ ಅಥವಾ ಅಲಗುಗಳು ಮಸಿಯಿಂದ ಅಂಟಿಕೊಂಡಿರಬಹುದು; ಅವನ್ನು ಚಲಿಸುವ ಸಣ್ಣ ನಳಿಕೆ ಸೀಳಿರಬಹುದು; ಗಾಳಿಯನ್ನು ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು; ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್ ಕವಾಟ ಪೂರ್ತಿ ಮುಚ್ಚದಿರಬಹುದು.

ಇಲ್ಲಿ ಸ್ಕ್ಯಾನರ್ ನೆರವಾಗುತ್ತದೆ. ಆದರೆ ಅದು ತೋರಿಸುವ ಸಂಕೇತಸಂಖ್ಯೆಯು ಕೆಟ್ಟ ಭಾಗದ ಹೆಸರಲ್ಲ, ತನಿಖೆಯ ದಿಕ್ಕು ಮಾತ್ರ. ಗಾಡಿ ಓಡುತ್ತಿರುವಾಗ ಚಾಲಕನ ಪಕ್ಕದಲ್ಲಿ ಕುಳಿತ ಮೆಕ್ಯಾನಿಕ್ ಎರಡು ಅಂಕಿಗಳನ್ನು ಹೋಲಿಸಬೇಕು: ಕಂಪ್ಯೂಟರು ಬೇಡಿದ ಗಾಳಿಯ ಒತ್ತಡವೆಷ್ಟು, ದೊರೆತದ್ದೆಷ್ಟು. ಇಂಧನದ ಒತ್ತಡಕ್ಕೂ ಇದೇ ಹೋಲಿಕೆ. ಯಾವುದರಲ್ಲಿ ಅಂತರ ಕಾಣುವುದೋ ಆ ದಾರಿಯಲ್ಲಿ ದೋಷವಿದೆ. ಎಲೆಕ್ಟ್ರಾನಿಕ್ ನಿಯಂತ್ರಣವಿಲ್ಲದ ಇನ್ನೂ ಹಳೆಯ ಗಾಡಿಗಳಲ್ಲಿ ಒತ್ತಡಮಾಪಕವನ್ನು ಜೋಡಿಸಿ ಇದೇ ಪರೀಕ್ಷೆಯನ್ನು ಮಾಡಬಹುದು.

ಇವೆಲ್ಲ ಮುಗಿದ ಮೇಲೆಯೇ ಟರ್ಬೊದ ಕಡೆಗೆ ಕೈಯಿಡಬೇಕು. ಅದರ ದಂಡವು ಅಡ್ಡಕ್ಕೆ ಸ್ವಲ್ಪ ಅಲುಗುವುದು ಸಹಜ. ಆಯಿಲ್ ಪದರಕ್ಕೆ ಅಷ್ಟು ಜಾಗ ಬೇಕೇ ಬೇಕು. ಹಿಂದುಮುಂದಾಗಿ ಸ್ಪಷ್ಟವಾಗಿ ಆಡುವುದು, ಅಲಗುಗಳು ಗೋಡೆಗೆ ಉಜ್ಜಿರುವುದು ದೋಷ. ಬದಲಿಸಲೇಬೇಕಾದರೆ ಹಳೆಯದು ಏಕೆ ಕೆಟ್ಟಿತೆಂಬುದನ್ನು ಮೊದಲು ತಿಳಿಯಬೇಕು. ಆಯಿಲ್ ಬರುವ ನಳಿಕೆ ಕಟ್ಟಿದ್ದರೆ ಹೊಸದಕ್ಕೂ ಅದೇ ಗತಿ.

ಟರ್ಬೊದ ಆಯುಷ್ಯವು ಮನೆಯವರ ಕೈಯಲ್ಲಿಯೇ ಇದೆ. ಕೈಪಿಡಿ ಹೇಳಿದ ದರ್ಜೆಯ ಆಯಿಲ್ಲನ್ನು ಅವಧಿಗೆ ಸರಿಯಾಗಿ ಬದಲಿಸಬೇಕು. ದೂರದ ವೇಗದ ಪ್ರಯಾಣ ಮುಗಿದೊಡನೆ ಕೀಲಿ ತೆಗೆಯದೆ ಒಂದು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಡಬೇಕು. ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ವಿಷಯಗಳನ್ನು ಬರೆದಿಟ್ಟುಕೊಳ್ಳಬೇಕು: ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಹೊಗೆಯ ಬಣ್ಣವೇನು. ಹಿಂದಿನ ಸೀಟಿನಿಂದ ಹೊಗೆಯ ಬಣ್ಣವನ್ನು ನೋಡಿ ಹೇಳುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೇ ಒಪ್ಪಿಸಬಹುದು.