ಕಣ್ಣು ಕಾಣುವ ಬಗೆ



ತೊಗರಿ ರಾಶಿ ಮಾಡುವಾಗ ಕಣ್ಣಿಗೆ ಹೊಟ್ಟು ಬೀಳುವುದು, ಜೋಳ ಕೊಯ್ಯುವಾಗ ರವದಿ ಬಡಿಯುವುದು ಗುಂಡಗುರ್ತಿ ಸುತ್ತಿನ ಹೊಲಗಳಲ್ಲಿ ಹೊಸದಲ್ಲ. "ನಾಳೆ ಸರಿಹೋದೀತು" ಎಂದು ಕಣ್ಣುಜ್ಜಿಕೊಂಡು ಕೆಲಸ ಮುಂದುವರಿಸುವವರೂ ಉಂಟು. ಕಣ್ಣಿನ ಯಾವ ಭಾಗ ಯಾವ ಕೆಲಸ ಮಾಡುತ್ತದೆಂಬುದನ್ನು ಅರಿತರೆ, ಅದನ್ನು ನಾಳೆಗೆ ಏಕೆ ಬಿಡಬಾರದೆಂಬುದು ತಾನಾಗಿ ತಿಳಿಯುತ್ತದೆ.

ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಒಂದು ಸೋಜಿಗವನ್ನು ನೋಡಿರಬಹುದು. ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಸಣ್ಣ ಕಿಂಡಿಯಿದೆ. ಅದರಿಂದ ಒಳಬಂದ ಬೆಳಕು ಗೋಡೆಯ ಮೇಲೆ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ಬೆಳಕು ನೇರವಾಗಿ ಸಾಗುವುದರಿಂದ ಗೋಪುರದ ತುದಿಯ ಬೆಳಕು ಕಿಂಡಿ ದಾಟಿ ಕೆಳಗೂ, ಬುಡದ ಬೆಳಕು ಮೇಲೂ ಬೀಳುತ್ತದೆ. ನಮ್ಮ ಕಣ್ಣೂ ಅಂಥದೇ ಒಂದು ಕತ್ತಲೆ ಕೋಣೆ. ಅದರ ಅಳತೆ ಸುಮಾರು 24 ಮಿಲಿಮೀಟರು ಮಾತ್ರ.

ಈ ಕೋಣೆಯ ಮುಂದಿನ ಗಾಜೇ ಕಾರ್ನಿಯಾ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಬೆಳಕನ್ನು ಬಾಗಿಸಿ ಒಂದೆಡೆ ಕೂಡಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಕಣ್ಣೀರು ಇದನ್ನು ತೊಳೆಯುತ್ತದೆ, ರೆಪ್ಪೆ ಒರೆಸುತ್ತದೆ.

ಅದರ ಹಿಂದೆ ಬಣ್ಣದ ಪರದೆಯೊಂದಿದೆ. ಪರದೆಯ ನಡುವಿನ ತೂತೇ ಪಾಪೆ. ಬಿಸಿಲಿನಲ್ಲಿ ಪಾಪೆ ಕಿರಿದಾಗುತ್ತದೆ, ಕತ್ತಲಲ್ಲಿ ಅಗಲವಾಗುತ್ತದೆ. ನೆರಳಿನಲ್ಲಿ ಕುಳಿತವನ ಕಣ್ಣನ್ನು ಸ್ವಲ್ಪ ಹೊತ್ತು ಅಂಗೈಯಿಂದ ಮುಚ್ಚಿಸಿ, ಬೆಳಕಿನ ಕಡೆಗೆ ತೆರೆಸಿ ನೋಡಿರಿ. ಪಾಪೆ ಕುಗ್ಗುವುದು ನಿಮಗೇ ಕಾಣುತ್ತದೆ.

ಪಾಪೆಯ ಹಿಂದೆ ಮಸೂರವಿದೆ. ದೂರದ ಎತ್ತನ್ನು ನೋಡುವಾಗ ಅದು ಚಪ್ಪಟೆಯಾಗುತ್ತದೆ. ಅಂಗೈಯ ಬೀಜವನ್ನು ನೋಡುವಾಗ ಉಬ್ಬುತ್ತದೆ. ವಯಸ್ಸು 40 ದಾಟಿದಂತೆ ಮಸೂರ ಬಿರುಸಾಗಿ ಉಬ್ಬಲಾರದು. ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಾಗುವುದು ಇದರಿಂದಲೇ.

ಕೋಣೆಯ ಹಿಂದಿನ ಗೋಡೆ ಅಕ್ಷಿಪಟಲ. ಮಂದ ಬೆಳಕಿನಲ್ಲಿ ಕಾಣಿಸುವ ಸುಮಾರು 12 ಕೋಟಿ ಕಣಗಳೂ, ಬಣ್ಣ ಗುರುತಿಸುವ ಸುಮಾರು 60 ಲಕ್ಷ ಕಣಗಳೂ ಇಲ್ಲಿವೆ. ಚಿತ್ರ ಇಲ್ಲಿಯೂ ತಲೆಕೆಳಗಾಗಿಯೇ ಬೀಳುತ್ತದೆ. ಸುಮಾರು 10 ಲಕ್ಷ ಎಳೆಗಳ ದೃಷ್ಟಿನರ ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ಅದನ್ನು ನೇರಮಾಡಿ, ಎರಡೂ ಕಣ್ಣುಗಳ ನೋಟವನ್ನು ಕೂಡಿಸಿ ಅರಿಯುವುದು ಮಿದುಳು.

ಇವರಲ್ಲಿ ಒಬ್ಬನ ಕೆಲಸ ನಿಂತರೂ ಉಳಿದವರ ದುಡಿಮೆ ವ್ಯರ್ಥ. ಆದರೆ ನಿಂತ ಕೆಲಸಗಳಲ್ಲಿ ಕೆಲವನ್ನು ಸರಿಪಡಿಸಬಹುದು, ಕೆಲವನ್ನು ಆಗದು.

ಮಸೂರ ಮಬ್ಬಾದರೆ ಮೋತಿಬಿಂದು, ಅಂದರೆ ಪೊರೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ ಪೊರೆ ತೆಗೆಯುತ್ತಿದ್ದರು. ಆ ಕಾಲದಲ್ಲಿ ಮಸೂರವನ್ನು ತೆಗೆದ ಮೇಲೆ ದಪ್ಪ ಕನ್ನಡಕವೇ ಅದರ ಕೆಲಸ ಮಾಡಬೇಕಿತ್ತು. ಈಗ ಕಣ್ಣಿನೊಳಗೇ ಕೃತಕ ಮಸೂರವನ್ನು ಇಡುತ್ತಾರೆ.

ಕಾರ್ನಿಯಾಕ್ಕೆ ಗಾಯವಾಗಿ ಕಲೆ ಉಳಿದರೆ, ದಾನವಾಗಿ ಬಂದ ಕಾರ್ನಿಯಾವನ್ನು ಹೊಲಿಯಬೇಕಾಗುತ್ತದೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ನೀಡಲಾಯಿತು. ಕಣ್ಣುಗಳನ್ನು ಮರಣದ ನಂತರ 6 ಗಂಟೆಯೊಳಗೆ ತೆಗೆಯಬೇಕು.

ದೃಷ್ಟಿನರ ಕೆಟ್ಟರೆ ಮಾತ್ರ ಬದಲಿ ಇಲ್ಲ. ಗ್ಲಾಕೋಮಾ ಎಂಬ ರೋಗದಲ್ಲಿ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸವೆಯುತ್ತದೆ. ಅನೇಕರಿಗೆ ನೋವೇ ಇರುವುದಿಲ್ಲ. ಬದಿಯ ನೋಟ ಮೊದಲು ಹೋಗುತ್ತದೆ. ಹೋದದ್ದು ಮರಳದು, ಉಳಿದದ್ದನ್ನು ಔಷಧಿಯಿಂದ ಕಾಯಬಹುದು. ಆದುದರಿಂದ 40 ದಾಟಿದವರು, ಕಣ್ಣು ಚೆನ್ನಾಗಿದ್ದರೂ, ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇನ್ನು ರಾಶಿಯ ಕಾಲದ ಮಾತು. ಕಣ್ಣಿಗೆ ಕಸ ಬಿದ್ದರೆ ಉಜ್ಜಬಾರದು. ಶುದ್ಧ ನೀರಿನಿಂದ ತೊಳೆಯಬೇಕು. ಚುಚ್ಚಿಕೊಂಡದ್ದನ್ನು ಕೀಳಬಾರದು. ಸೊಪ್ಪಿನ ರಸ, ಹಾಲು ಹಿಂಡಬಾರದು. ಬೆಳೆಯ ಕಡ್ಡಿ ತಗುಲಿದ ಗಾಯದಲ್ಲಿ ಬೂಷ್ಟು ಬೆಳೆದು ಕಾರ್ನಿಯಾವನ್ನು ಹುಣ್ಣಾಗಿಸಬಹುದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಹಾಕಿದ ಹನಿ ಅದನ್ನು ಇನ್ನೂ ಕೆಡಿಸಬಹುದು. ಕಣ್ಣು ಕೆಂಪಾಗಿ ನೋವು, ನೀರು, ಮಬ್ಬು ಇದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಶಹಾಬಾದ್ ಕಲ್ಲು ಒಡೆಯುವವರು ರಕ್ಷಣೆಯ ಕನ್ನಡಕ ಧರಿಸಬೇಕು. ಸುಣ್ಣ, ಸಿಮೆಂಟು ಕಣ್ಣಿಗೆ ಬಿದ್ದರೆ ತಕ್ಷಣ ರೆಪ್ಪೆ ಬಿಡಿಸಿ ಅರ್ಧ ಗಂಟೆ ನೀರು ಹೊಯ್ದು, ಅನಂತರವೇ ಆಸ್ಪತ್ರೆಗೆ ಹೊರಡಬೇಕು.

ರಾಶಿ ಒಂದು ದಿನ ತಡವಾದರೆ ನಡೆದೀತು. ಕಣ್ಣಿನ ಕೆಲಸ ತಡವಾಗಬಾರದು.