ಇಲಿ ಬಿದ್ದ ಊರು: ಹಾಸನ ಸೀಮೆಯ ಸಾಂಕ್ರಾಮಿಕಗಳೂ ಆರೋಗ್ಯ ಸೂಚನೆಗಳೂ

ರೋಗ ಬಂದಾಗ ಸರ್ಕಾರವು ಜನರಿಗೆ ಏನು ಹೇಳಿತೆಂಬುದು ಚರಿತ್ರೆಯ ಒಂದು ಭಾಗ. ಹೇಳಿದುದನ್ನು ನಡೆಸುವ ಅನುಕೂಲ ಜನರಿಗಿದ್ದಿತೇ ಎಂಬುದು ಇನ್ನೊಂದು. ಮೊದಲನೆಯದು ಕಡತಗಳಲ್ಲಿ ದೊರೆಯುತ್ತದೆ. ಎರಡನೆಯದನ್ನು ಹಳ್ಳಿಗಳಲ್ಲಿಯೇ ಅರಸಬೇಕು. ಪ್ರಕೃತ ಲೇಖನದಲ್ಲಿ ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯನ್ನೂ ಅದರ ನೆರೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಪ್ಲೇಗು ಮತ್ತು ಕೋವಿಡ್ ಎಂಬ ಎರಡು ಪಿಡುಗುಗಳಲ್ಲಿ ಹೊರಟ ಸೂಚನೆಗಳ ಸ್ವರೂಪವನ್ನು ವಿಚಾರಿಸಲಾಗಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, 1898ರ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಮುಟ್ಟಿತು. ಹಾಸನ ಪಟ್ಟಣಕ್ಕೆ ಆಗ ರೈಲು ಇರಲಿಲ್ಲ. ಆದರೆ ಅದೇ ರೈಲುಮಾರ್ಗವು ಜಿಲ್ಲೆಯ ಅರಸೀಕೆರೆಯನ್ನು ಹಾದುಹೋಗುತ್ತಿದ್ದಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಬೇರ್ಪಡಿಸುವುದು, ಮನೆಗಳ ಶುದ್ಧೀಕರಣ ಮೊದಲಾದ ಕ್ರಮಗಳು ಮೊದಲಾದವು. ಇವುಗಳಲ್ಲಿ ಬಲಾತ್ಕಾರದ ಅಂಶವು ಹೆಚ್ಚಾಗಿದ್ದುದರಿಂದ ಜನರು ಬೆದರಿದರು. 1898ರಲ್ಲಿಯೇ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದೊಂಬಿಯಾಯಿತು.

ಇಲ್ಲಿ ಒಂದು ವಿಷಯವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಆಜ್ಞೆ ಮಾಡುತ್ತಿದ್ದವರಿಗೂ ರೋಗ ಹರಡುವ ಬಗೆ ಸರಿಯಾಗಿ ತಿಳಿದಿರಲಿಲ್ಲ. ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನನು ಕಂಡುಹಿಡಿದಿದ್ದನು. ಅದು ಇಲಿಯ ಚಿಗಟದಿಂದ ಮನುಷ್ಯನಿಗೆ ಬರುವುದೆಂದು 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ತೋರಿಸಿದರೂ, ವಿದ್ವಾಂಸರು ಅದನ್ನು ಒಪ್ಪಿದುದು ಮುಂಬಯಿಯಲ್ಲಿ 1905ರಿಂದ ನಡೆದ ಪ್ರಯೋಗಗಳ ತರುವಾಯ. ಆ ನಡುವೆ ಗೋಡೆಗೂ ನೆಲಕ್ಕೂ ಎರಚಿದ ಪಾದರಸದ ದ್ರಾವಣಗಳು ಚಿಗಟಗಳನ್ನು ಹೆಚ್ಚೇನೂ ಬಾಧಿಸಲಿಲ್ಲ.

ಹಳ್ಳಿಯವರಿಗೆ ಮಾತ್ರ ಒಂದು ಗುರುತು ತಿಳಿದಿದ್ದಿತು: ಇಲಿ ಬಿತ್ತೆಂದರೆ ಊರು ಬಿಡಬೇಕು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಇಲಿ ಸತ್ತು ಅದರ ಮೈ ತಣ್ಣಗಾದೊಡನೆ ಚಿಗಟಗಳು ಬೇರೆ ಆಶ್ರಯವನ್ನು ಹುಡುಕುತ್ತವೆ. ಆ ಹೊತ್ತಿಗೆ ಮನೆ ಬರಿದಾಗಿದ್ದರೆ ಕಚ್ಚಿಸಿಕೊಳ್ಳುವವರೇ ಇರುವುದಿಲ್ಲ. ಕ್ರಮೇಣ ಸರ್ಕಾರವೂ ಊರು ಬಿಡಿಸುವುದನ್ನು ತನ್ನ ಮುಖ್ಯ ಸಲಹೆಗಳಲ್ಲಿ ಒಂದನ್ನಾಗಿ ಮಾಡಿಕೊಂಡಿತು. ಜನರ ರೂಢಿಯೂ ಆರೋಗ್ಯ ಇಲಾಖೆಯ ಸೂಚನೆಯೂ ಒಂದೇ ದಾರಿಗೆ ಬಂದುದು ಇಲ್ಲಿ. ನನ್ನ ದೃಷ್ಟಿಯಲ್ಲಿ ಮೈಸೂರಿನ ಪ್ಲೇಗು ನಿವಾರಣೆಯ ಚರಿತ್ರೆಯಲ್ಲಿ ದೊಂಬಿಗಳಿಗಿಂತಲೂ ಇದು ಹೆಚ್ಚು ಮಹತ್ತ್ವದ ಸಂಗತಿ.

ಆದರೆ ಊರು ಬಿಡುವುದಕ್ಕೂ ಅನುಕೂಲ ಬೇಕು. ಹೊಲವೋ ತೋಟವೋ ಇದ್ದವನು ಅಲ್ಲಿ ಸೋಗೆಯ ಗುಡಿಸಲನ್ನು ಹಾಕಿಕೊಂಡಾನು. ನೆಲವಿಲ್ಲದವನು ಯಾರ ನೆಲದಲ್ಲಿ ಹಾಕಬೇಕು? ರಾಗಿಯ ಕೊಯ್ಲಿನ ಚಳಿಗಾಲವೇ ಪ್ಲೇಗಿನ ಕಾಲವೂ ಆಗಿದ್ದಿತು. ಕಾಳು ಕಡ್ಡಿಯಿರುವ ಮನೆಗೆ ಬೀಗ ಹಾಕಿ ಹೊರಟವನಿಗೆ ಕಳ್ಳರ ಭಯ. ಕೂಲಿಯವನಿಗೆ ಅಂದಿನ ಕೂಲಿಯ ಚಿಂತೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್. ಎಲ್. ಭೈರಪ್ಪನವರು ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು. ಅವರ ‘ಗೃಹಭಂಗ’ (1970) ಕಾದಂಬರಿಯಲ್ಲಿ ಜನರು ಊರು ಬಿಡುತ್ತಾರೆ, ಗುಡಿಸಲು ಹಾಕುತ್ತಾರೆ. ಆದರೂ ನಂಜಮ್ಮನ ಬೆಳೆದ ಮಕ್ಕಳು ಉಳಿಯುವುದಿಲ್ಲ. ಕಾದಂಬರಿಯು ದಾಖಲೆಯಲ್ಲ, ನಿಜ. ಆದರೆ ಅಮಲ್ದಾರರ ವರದಿಗಳು ಹೇಳದೆ ಬಿಡುವ ಬಡ ಮನೆಯ ಸ್ಥಿತಿಯನ್ನು ಅದರಿಂದ ತಿಳಿಯಬಹುದು.

2020ರ ಮಾರ್ಚಿಯಲ್ಲಿ ಕೋವಿಡ್ ತಡೆಗೆ ಕರ್ನಾಟಕ ಸರ್ಕಾರವು ಮೊದಲು ಕೈಗೆತ್ತಿಕೊಂಡುದು, ಪ್ಲೇಗಿಗಾಗಿ ರಚಿತವಾದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ. ಹಾಸನ ಜಿಲ್ಲೆಯು ಮೇ ತಿಂಗಳ ಆರಂಭದವರೆಗೂ ಹಸಿರು ವಲಯದಲ್ಲಿದ್ದಿತು. ಅಲ್ಲಿ ಮೊದಲು ಪತ್ತೆಯಾದ ಸೋಂಕಿತರು ಮುಂಬಯಿಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಹಿಂದಿರುಗಿದವರು. ಮತ್ತೆ ಮುಂಬಯಿಯೇ! ಆದರೆ ಈ ಬಾರಿ ಬಂದವರು ಕೆಲಸ ಅರಸಿ ಹೋಗಿದ್ದ ಇದೇ ಮಣ್ಣಿನ ಮಕ್ಕಳು. ಅಷ್ಟರಲ್ಲಿ ರಾಜ್ಯದ ಅನೇಕ ಹಳ್ಳಿಗಳು ದಾರಿಗೆ ಮುಳ್ಳು ಹಾಕಿಕೊಂಡಿದ್ದವು. ಪ್ಲೇಗಿನಲ್ಲಿ ಊರನ್ನು ಬಿಟ್ಟವರ ಮೊಮ್ಮಕ್ಕಳು ಕೋವಿಡ್ಡಿನಲ್ಲಿ ಊರನ್ನು ಮುಚ್ಚಿದರು. ರೋಗವು ಮನುಷ್ಯನಿಂದಲೇ ಮನುಷ್ಯನಿಗೆ ಹರಡುವಾಗ ದೂರವಿರುವುದು ಯುಕ್ತವೇ. ಆದರೆ ಮುಳ್ಳಿನ ಬೇಲಿಯು ಸೋಂಕನ್ನೂ ನೆಂಟನನ್ನೂ ಬೇರೆಬೇರೆಯಾಗಿ ಕಾಣಲಾರದು.

ಈ ಸಲ ಸಹಾಯದ ಏರ್ಪಾಡುಗಳು ಹೆಚ್ಚಾಗಿದ್ದವೆಂಬುದನ್ನು ಒಪ್ಪಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರವನ್ನು ವಿಚಾರಿಸಿದರು. ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯಪಡೆಗಳು ಏರ್ಪಟ್ಟವು. ಏಪ್ರಿಲ್ ತಿಂಗಳಲ್ಲಿ 14410 ಸಂಖ್ಯೆಯ ‘ಆಪ್ತಮಿತ್ರ’ ದೂರವಾಣಿ ಸಲಹೆ ಆರಂಭವಾಯಿತು. ವಿದ್ಯಾರ್ಥಿ ನಿಲಯಗಳು ಹೊರಗಿನಿಂದ ಬಂದವರ ವಸತಿಗಳಾದವು. ಆದರೂ ‘ಪ್ರತ್ಯೇಕ ಕೋಣೆಯಲ್ಲಿರಿ’ ಎಂಬ ಸೂಚನೆಯು ಒಂದೇ ಅಂಕಣದ ಮನೆಯಲ್ಲಿ ಅರ್ಥವನ್ನು ಕಳೆದುಕೊಂಡಿತು. ಇದನ್ನು ಮನಗಂಡೇ 2021ರ ಮೇ ತಿಂಗಳಲ್ಲಿ, ಹಳ್ಳಿಗಳ ಸೋಂಕಿತರನ್ನು ಮನೆಯಲ್ಲಿರಿಸದೆ ಆರೈಕೆ ಕೇಂದ್ರಗಳಿಗೆ ಸೇರಿಸಬೇಕೆಂದು ಸರ್ಕಾರವು ನಿರ್ಧರಿಸಿತು. ಒಂದು ವರ್ಷ ಮೊದಲೇ ಆಗಬಹುದಾಗಿದ್ದ ನಿರ್ಧಾರವಿದು.

ಪ್ಲೇಗಿನ ಕಾಲದ ಹಳ್ಳಿಯ ಮಾತು ಬಹುಮಟ್ಟಿಗೆ ನಶಿಸಿಹೋಯಿತು. ಕೋವಿಡ್ಡಿನ ಕಾಲದ್ದು ಇನ್ನೂ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಕಾರ್ಯಪಡೆಗಳ ನಡವಳಿ ಪುಸ್ತಕಗಳು, ಚಾವಡಿಯ ಗೋಡೆಗೆ ಅಂಟಿಸಿದ ಪ್ರಕಟಣೆಗಳು, ಆಶಾ ಕಾರ್ಯಕರ್ತೆಯರ ದಿನಚರಿಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ, ಗೆದ್ದಲು ಹತ್ತುವ ಮುನ್ನ ನಕಲು ಮಾಡಿಕೊಳ್ಳಬೇಕು. ಕಟ್ಟಾಯ ಹೋಬಳಿಯಲ್ಲಿ ಈ ಕೆಲಸಕ್ಕೆ ನಾಲ್ಕಾರು ವಿದ್ಯಾರ್ಥಿಗಳ ಒಂದು ಬೇಸಗೆ ರಜೆ ಸಾಕು.