ಬೃಹತ್ ತಂತ್ರಾಂಶ ಯೋಜನೆಗಳಲ್ಲಿ ಕಾರ್ಯವಿಭಜನೆ

೧೮೦೨ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಮದರಾಸಿನ ಪರಂಗಿಮಲೆಯ ಬಳಿಯ ಬಯಲಿನಲ್ಲಿ, ನೂರು ಅಡಿ ಉದ್ದದ ಉಕ್ಕಿನ ಸರಪಣಿಯಿಂದ ನೆಲವನ್ನಳೆಯಲು ತೊಡಗಿದನು. ಸುಮಾರು ಏಳೂವರೆ ಮೈಲಿಯ ಒಂದು ಸರಳರೇಖೆಗಾಗಿ ಆ ಸರಪಣಿಯನ್ನು ನಾನೂರು ಸಲ ಹಾಸಬೇಕಾಯಿತು. ಮುಂದೆ ಭರತಖಂಡದ ಉದ್ದಗಲಗಳನ್ನು ನಿರ್ಣಯಿಸಿದ ಮಹಾ ತ್ರಿಕೋನಮಿತೀಯ ಮೋಜಣಿಗೆ ಈ ರೇಖೆಯೇ ಅಡಿಗಲ್ಲಾಯಿತು.

ಒಂದು ಖಂಡವನ್ನು ಸರಪಣಿ ಹಾಸಿ ಅಳೆಯುವುದು ಅಸಾಧ್ಯ. ಆದುದರಿಂದ ಅದನ್ನು ತ್ರಿಕೋನಗಳಾಗಿ ಒಡೆಯಲಾಯಿತು. ಒಂದು ಭುಜದ ಉದ್ದವೂ ಕೋನಗಳೂ ತಿಳಿದರೆ ಉಳಿದ ಎರಡು ಭುಜಗಳನ್ನು ಗಣಿತದಿಂದಲೇ ಪಡೆಯಬಹುದು. ಹಾಗೆ ದೊರೆತ ಭುಜವೇ ಮುಂದಿನ ತ್ರಿಕೋನಕ್ಕೆ ಆಧಾರ. ಆದರೆ ಈ ವಿಧಾನದಲ್ಲಿ ಒಂದು ಅಪಾಯವೂ ಉಂಟು: ಮೊದಲ ತ್ರಿಕೋನದಲ್ಲಿ ನುಸುಳಿದ ತಪ್ಪು ಕೊನೆಯ ತ್ರಿಕೋನದವರೆಗೂ ಹರಿದುಹೋಗುತ್ತದೆ. ಇದಕ್ಕೆ ಎರಡು ತಡೆಗಳನ್ನು ಇಡಲಾಗಿತ್ತು. ಪ್ರತಿಯೊಂದು ತ್ರಿಕೋನದ ಮೂರು ಕೋನಗಳ ಮೊತ್ತವನ್ನು ಅಲ್ಲಲ್ಲಿಯೇ ತಾಳೆನೋಡುವುದು ಮೊದಲನೆಯದು. ಸರಣಿಯು ಸಾಕಷ್ಟು ದೂರ ಸಾಗಿದ ಮೇಲೆ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದು, ಲೆಕ್ಕದಿಂದ ಬಂದ ಉದ್ದದೊಡನೆ ಹೋಲಿಸುವುದು ಎರಡನೆಯದು. ೧೮೦೪ರಲ್ಲಿ ಬೆಂಗಳೂರಿನ ಬಳಿ ಇಂತಹ ರೇಖೆಯನ್ನು ಅಳೆದಾಗ, ಮದರಾಸಿನಿಂದ ಹೊರಟ ಲೆಕ್ಕಕ್ಕೂ ನೆಲದ ಅಳತೆಗೂ ಕಂಡುಬಂದ ವ್ಯತ್ಯಾಸ ಕೆಲವೇ ಅಂಗುಲಗಳಷ್ಟು!

ಇದೇ ಪರಂಗಿಮಲೆಗೆ ಕೆಲವು ಮೈಲಿಗಳ ದೂರದಲ್ಲಿರುವ ತರಮಣಿಯಲ್ಲಿ ೨೦೦೦ದಲ್ಲಿ ಟೈಡೆಲ್ ಪಾರ್ಕ್ ತೆರೆಯಿತು. ಇಂದಿನ ಚೆನ್ನೈಯ ಆ ಭಾಗದಲ್ಲಿ ಸಹಸ್ರಾರು ಮಂದಿ ತಂತ್ರಾಂಶ ರಚನೆಯಲ್ಲಿ ನಿರತರಾಗಿದ್ದಾರೆ. ಅವರ ಮುಂದಿರುವ ಸಮಸ್ಯೆಯೂ ಲ್ಯಾಂಬ್ಟನ್ನನ ಸಮಸ್ಯೆಯ ಜಾತಿಗೇ ಸೇರಿದುದು: ಒಬ್ಬನ ಬುದ್ಧಿಗೆ ಒಟ್ಟಾಗಿ ನಿಲುಕದ ಕಾರ್ಯವನ್ನು ಒಡೆಯುವುದು ಹೇಗೆ, ಒಡೆದುದನ್ನು ಮರಳಿ ಕೂಡಿಸುವುದು ಹೇಗೆ? ಕಟ್ಟಡವೊಂದು ಎಷ್ಟು ಎದ್ದಿದೆಯೆಂಬುದು ದಾರಿಹೋಕನಿಗೂ ಕಾಣುತ್ತದೆ. ತಂತ್ರಾಂಶವಾದರೋ ಕಣ್ಣಿಗೆ ಕಾಣದ ವಸ್ತು. “ಅರುವತ್ತು ಪಾಲು ಮುಗಿದಿದೆ” ಎಂಬ ವರದಿಯನ್ನು ಪರೀಕ್ಷಿಸಲು ಅಲ್ಲಿ ಗೋಡೆಯೂ ಇಲ್ಲ, ಛಾವಣಿಯೂ ಇಲ್ಲ.

ಕೆಲಸ ಹಿಂದೆ ಬಿದ್ದಾಗ ಜನರನ್ನು ಹೆಚ್ಚಿಸಿದರೆ ಸಾಕೆಂಬುದು ಸಾಮಾನ್ಯ ನಂಬಿಕೆ. ಐ.ಬಿ.ಎಂ. ಸಂಸ್ಥೆಯಲ್ಲಿ ಒಂದು ಬೃಹತ್ ತಂತ್ರಾಂಶ ಯೋಜನೆಯನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಬಿಕೆಯನ್ನು ಖಂಡಿಸಿದನು. ತಡವಾದ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುವುದೆಂದು ಆತನ ನಿರ್ಣಯ. ಕಾರಣ ಸ್ಪಷ್ಟವಾಗಿದೆ. ಐವರಿದ್ದಲ್ಲಿ ಇಬ್ಬಿಬ್ಬರ ನಡುವಣ ಸಂಪರ್ಕಗಳು ೧೦. ಹತ್ತು ಮಂದಿಯಾದರೆ ಅವು ೪೫. ಜನರು ಇಮ್ಮಡಿಯಾದರೆ ಮಾತುಕತೆಯ ಹೊರೆ ನಾಲ್ಕು ಮಡಿಗಿಂತಲೂ ಮಿಗಿಲಾಗುತ್ತದೆ. ಆದುದರಿಂದ ಪ್ರತಿಯೊಂದು ತುಂಡೂ ಇತರರನ್ನು ಕೇಳದೆಯೇ ಮುಗಿಸಬಲ್ಲಂತಹುದಾಗಿರಬೇಕು.

ಸಣ್ಣ ಕೆಲಸವೆಂದರೆ ಯಾವುದು? ಬ್ಯಾಂಕಿನ ಒಂದು ಉದಾಹರಣೆಯಿಂದ ಇದು ವಿಶದವಾದೀತು. ೨೦೧೦ರ ಏಪ್ರಿಲ್ ೧ರವರೆಗೆ ಉಳಿತಾಯ ಖಾತೆಯ ಬಡ್ಡಿಯನ್ನು, ತಿಂಗಳ ೧೦ನೆಯ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ ಕಟ್ಟಲಾಗುತ್ತಿತ್ತು. ಅಂದಿನಿಂದ ಅದನ್ನು ದಿನದಿನದ ಶಿಲ್ಕಿನ ಮೇಲೆ ಕಟ್ಟಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಕೇಳಲು ಇದು ಒಂದೇ ವಾಕ್ಯ. ಆದರೆ ಅದರೊಳಗೆ ಹಲವು ಕೆಲಸಗಳು ಅಡಗಿವೆ. ದಿನಾಂತ್ಯದ ಶಿಲ್ಕನ್ನು ದಾಖಲಿಸಿಡುವುದು ಒಂದು. ಆ ದಿನ ಜಾರಿಯಲ್ಲಿದ್ದ ದರವನ್ನು ಹುಡುಕುವುದು ಒಂದು. ಬಡ್ಡಿಯನ್ನು ಗುಣಿಸಿ ಪೈಸೆಯನ್ನು ಸರಿಹೊಂದಿಸುವುದು ಒಂದು. ನಿಯತ ದಿನದಂದು ಖಾತೆಗೆ ಜಮೆ ಮಾಡುವುದು ಒಂದು. ಹಿಂದಿನ ತಾರೀಖಿನ ತಿದ್ದುಪಡಿ ಬಂದರೆ ಮರುಲೆಕ್ಕ ಹಾಕುವುದು ಮತ್ತೊಂದು.

ಇವುಗಳಲ್ಲಿ ಮೂರನೆಯದನ್ನೇ ನೋಡೋಣ. ಮೂವತ್ತು ದಿನಗಳ ತಿಂಗಳಲ್ಲಿ ಒಬ್ಬ ಠೇವಣಿದಾರನ ಶಿಲ್ಕು ಮೊದಲ ೨೪ ದಿನ ೧,೦೦,೦೦೦ ರೂಪಾಯಿ, ಉಳಿದ ೬ ದಿನ ೧೦,೦೦೦ ರೂಪಾಯಿ ಇತ್ತೆನ್ನೋಣ. ಅಂದಿನ ೩.೫ ಶೇಕಡಾ ದರದಂತೆ ಹಳೆಯ ಕ್ರಮದಲ್ಲಿ ಆತನಿಗೆ ಸಲ್ಲುವುದು ಸುಮಾರು ೨೯ ರೂಪಾಯಿ; ಹೊಸ ಕ್ರಮದಲ್ಲಿ ೨೩೫ ರೂಪಾಯಿ ೮೯ ಪೈಸೆ. ಈ ಉತ್ತರವನ್ನು ಕಾಗದದ ಮೇಲೆ ಮೊದಲೇ ಬರೆದಿಡಬಹುದು. ಕ್ರಮವಿಧಿಯು ಅದನ್ನು ಕೊಟ್ಟರೆ ಆ ಉದಾಹರಣೆಯ ಮಟ್ಟಿಗೆ ಅದು ಸರಿ. ಕೊಡದಿದ್ದರೆ ಕೆಲಸ ಮುಗಿದಿಲ್ಲ. ಇಲ್ಲಿ “ಅರುವತ್ತು ಪಾಲು” ಎಂಬ ಮಾತಿಗೆ ಎಡೆಯೇ ಇಲ್ಲ. ಉತ್ತರವನ್ನು ಮೊದಲೇ ಹೇಳಲು ಬಾರದ ಕೆಲಸವು ಇನ್ನೂ ದೊಡ್ಡದಾಗಿದೆಯೆಂದೂ, ಅದನ್ನು ಮತ್ತೆ ಒಡೆಯಬೇಕೆಂದೂ ತಿಳಿಯತಕ್ಕದ್ದು.

ತುಂಡುಗಳಷ್ಟೇ ಮುಖ್ಯವಾದುವು ಅವುಗಳ ಸಂದುಗಳು. ಶಿಲ್ಕನ್ನು ದಾಖಲಿಸುವವರು ರಾತ್ರಿ ಎಂಟು ಗಂಟೆಗೆ ದಿನವನ್ನು ಮುಗಿಸಿ, ದರವನ್ನು ಹುಡುಕುವವರು ನಡುರಾತ್ರಿಗೆ ಮುಗಿಸಿದರೆ, ಇಬ್ಬರ ಕೆಲಸವೂ ಪ್ರತ್ಯೇಕವಾಗಿ ಸರಿಯಾಗಿದ್ದರೂ ಕೂಡಿದಾಗ ಬಡ್ಡಿ ತಪ್ಪಾಗುತ್ತದೆ. “ದಿನ” ಎಂದರೇನೆಂಬುದನ್ನು ಕೆಲಸಕ್ಕೆ ಮೊದಲೇ ನಿಶ್ಚಯಿಸಿಕೊಳ್ಳಬೇಕು. ತರುವಾಯ ತುಂಡುಗಳನ್ನು ಎರಡೆರಡಾಗಿ ಜೋಡಿಸುತ್ತ, ಜೋಡಿಸಿದಾಗಲೆಲ್ಲ ಪರೀಕ್ಷಿಸುತ್ತ ಹೋಗಬೇಕು. ಬೆಂಗಳೂರಿನ ರೇಖೆಯ ಪಾಠವೂ ಇದೇ.

ಇದನ್ನು ಕಡೆಗಣಿಸಿದರೆ ಆಗುವುದೇನೆಂಬುದಕ್ಕೆ ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕಿನ ಪ್ರಸಂಗ ನಿದರ್ಶನವಾಗಿದೆ. ೨೦೧೮ರ ಏಪ್ರಿಲ್‌ನಲ್ಲಿ ಅದು ಸುಮಾರು ೫೦ ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ಗಣಕ ವ್ಯವಸ್ಥೆಗೆ ಬಹುಮಟ್ಟಿಗೆ ಒಂದೇ ಬಾರಿಗೆ, ಒಂದು ವಾರಾಂತ್ಯದಲ್ಲಿ ವರ್ಗಾಯಿಸಿತು. ಸುಮಾರು ೧೯ ಲಕ್ಷ ಮಂದಿಗೆ ತಮ್ಮ ಖಾತೆಗಳೇ ಎಟುಕದಾದುವು. ಹಂತಹಂತವಾಗಿ ಸಾಗಿಸದೆ ಒಮ್ಮೆಗೇ ಸಾಗಿಸಿದುದನ್ನೂ ಪರೀಕ್ಷೆಗಳ ಕೊರತೆಯನ್ನೂ ಅನಂತರದ ಸ್ವತಂತ್ರ ವಿಚಾರಣೆಯು ಎತ್ತಿತೋರಿಸಿತು. ೨೦೨೨ರ ಡಿಸೆಂಬರ್‌ನಲ್ಲಿ ಬ್ಯಾಂಕಿಗೆ ವಿಧಿಸಲಾದ ದಂಡ ೪ ಕೋಟಿ ೮೬ ಲಕ್ಷ ಪೌಂಡುಗಳಿಗೂ ಮಿಗಿಲು. ಅಲ್ಲಿ ಕೆಲಸವನ್ನು ಒಡೆದಿರಲಿಲ್ಲವೆಂದಲ್ಲ; ಕೂಡಿಸಿ ನೋಡುವ ಪರೀಕ್ಷೆಯು ಸಾಕಷ್ಟು ನಡೆದಿರಲಿಲ್ಲ.

ಹಾಗೆಂದು ವಿಭಜನೆಗೂ ಮಿತಿಯಿಲ್ಲದಿಲ್ಲ. ಎರಡು ವರ್ಷಗಳ ಯೋಜನೆಯನ್ನು ಮೊದಲ ದಿನವೇ ಗಂಟೆಗಳ ಲೆಕ್ಕಕ್ಕೆ ಒಡೆದರೆ, ನಿಯಮವೊಂದು ಬದಲಾದೊಡನೆ ಆ ಪಟ್ಟಿಯೆಲ್ಲ ವ್ಯರ್ಥವಾಗುತ್ತದೆ. ಸಮೀಪದ ಕೆಲಸವನ್ನು ಸೂಕ್ಷ್ಮವಾಗಿಯೂ ದೂರದ ಕೆಲಸವನ್ನು ಸ್ಥೂಲವಾಗಿಯೂ ಗುರುತಿಸಿ, ಹತ್ತಿರವಾದಂತೆ ಒಡೆಯುತ್ತ ಹೋಗುವುದು ಯುಕ್ತ.

ಈ ತತ್ತ್ವವು ಗಣಕಯಂತ್ರಕ್ಕಿಂತ ಹಳೆಯದು. ಬ್ಯಾಂಕುಗಳಲ್ಲಿ ಲೆಕ್ಕವನ್ನು ವರ್ಷಕ್ಕೊಮ್ಮೆ ನೋಡದೆ, ದಿನವೂ ನಗದನ್ನೂ ಪುಸ್ತಕವನ್ನೂ ತಾಳೆಹಾಕಿ ಮನೆಗೆ ಹೋಗುವ ಕಟ್ಟಳೆ ಬಂದುದು ಈ ಕಾರಣದಿಂದಲೇ. ಎಷ್ಟೇ ಎಚ್ಚರವಿದ್ದರೂ ತಪ್ಪು ನುಸುಳಬಹುದು. ಆದರೆ ಅದನ್ನು ಅಂದಿನ ಒಂದು ದಿನದ ಲೆಕ್ಕದೊಳಗೆ ಹುಡುಕಿದರೆ ಸಾಕು. ಕಾರ್ಯವಿಭಜನೆಯ ನಿಜವಾದ ಪ್ರಯೋಜನವಿರುವುದು ಶ್ರಮವನ್ನು ಹಂಚುವುದರಲ್ಲಿ ಮಾತ್ರವಲ್ಲ, ತಪ್ಪು ಇನ್ನೂ ಚಿಕ್ಕದಾಗಿರುವಾಗಲೇ ಅದನ್ನು ಹಿಡಿಯುವುದರಲ್ಲಿ.